ಚಳಿಗೆ ಬಿಟ್ಟ ಎಂಜಿನ್

ಗೋಥೆನ್‌ಬರ್ಗ್
ಜನವರಿ ೯

ಪ್ರೀತಿಯ ಹಿಲ್ಡಿಂಗ್ ಮಾವ,

ವರ್ಷಕ್ಕೊಂದು ಕ್ರಿಸ್‌ಮಸ್ ಕಾರ್ಡು ಬಿಟ್ಟರೆ ಬೇರೇನೂ ಬರೆಯದ ಅಕ್ಕನ ಮಗಳು ಇದ್ದಕ್ಕಿದ್ದ ಹಾಗೆ ಕಾಗದ ಹಾಕಿದ್ದಾಳೆಂದರೆ ನೀನು ಲಕೋಟೆ ಒಡೆಯುವ ಮೊದಲು ಬೆಳಕಿಗೆ ಹಿಡಿದು ನೋಡಿರುತ್ತೀ. ಯಾರಿಗೂ ಏನೂ ಆಗಿಲ್ಲ. ನನ್ನ ಮದುವೆಯೂ ಇಲ್ಲ. ಕಾಫಿ ಬಗ್ಗಿಸಿಕೊಂಡು ಕೂತು ಓದು.

ನೀನು ಈಗ ಕಾರು ಕಂಪನಿಗಳಿಗೆ ಶೆಡ್ಡು ಬಾಡಿಗೆ ಕೊಡುವ ಬಿರ್ಗರನ ಅಂಗಳದಲ್ಲಿ ಹಿಮ ತಳ್ಳುವ ಕೆಲಸ ಮಾಡುತ್ತಿದ್ದೀ ಎಂದು ಅವನ ಹೆಂಡತಿ ಬರೆದಿದ್ದಳು. ಹಾಗಾದರೆ ಹೋದ ವಾರ ಚಳಿ ಪರೀಕ್ಷೆಗೆಂದು ಲಾರಿಯಿಂದ ಇಳಿದ ನಮ್ಮ ಕಂಪನಿಯ ಕಾರುಗಳನ್ನು ನೋಡಿರಬೇಕು. ಗುರುತು ಸಿಗದಂತೆ ಮೈತುಂಬ ಕಪ್ಪು ಬಿಳಿ ಸುರುಳಿಯ ಹಾಳೆ ಅಂಟಿಸಿಕೊಂಡ, ಹೆಸರಿಲ್ಲದ ದೊಡ್ಡ ದೊಡ್ಡ ಎಸ್‌ಯುವಿಗಳು. ಅದರಲ್ಲಿ ಹದಿನಾಲ್ಕನೇ ನಂಬರಿನದರ ಹೊಟ್ಟೆಯಲ್ಲಿರುವುದು ನನ್ನ ಎಂಜಿನ್.

ನನ್ನದು ಅಂದರೆ ನನ್ನೊಬ್ಬಳದೇ ಅಲ್ಲ. ಅದರ ಸಲುವಾಗಿ ಆಡಿದ ಜಗಳ ಮಾತ್ರ ನನ್ನೊಬ್ಬಳದೇ. ಪೆಟ್ರೋಲ್ ಎಂಜಿನ್, ಗಾಳಿ ಊದಲು ಟರ್ಬೊ, ಜೊತೆಗೆ ಬೆಲ್ಟಿನಿಂದ ಬಿಗಿದ ಒಂದು ಪುಟ್ಟ ವಿದ್ಯುತ್ ಮೋಟಾರು. ಇದನ್ನು ಮೈಲ್ಡ್ ಹೈಬ್ರಿಡ್ ಅನ್ನುತ್ತಾರೆ. ಬರೀ ಕರೆಂಟಿನಲ್ಲಿ ಓಡುವ ಕಾರಲ್ಲ ಇದು. ಹೊರಡುವಾಗ, ಟರ್ಬೊ ಉಸಿರು ತೆಗೆದುಕೊಳ್ಳುವ ತನಕ, ಮೋಟಾರು ಹಿಂದಿನಿಂದ ಒಂದಿಷ್ಟು ತಳ್ಳುತ್ತದೆ. ನನಗೆ ಸೈಕಲ್ ಕಲಿಸುವಾಗ ನೀನು ಸೀಟು ಹಿಡಿದುಕೊಂಡು ಓಡುತ್ತಿದ್ದೆಯಲ್ಲ, ಹಾಗೆ. ಎಂಜಿನ್ನನ್ನು ಸ್ಟಾರ್ಟ್ ಮಾಡುವುದೂ ಅದೇ ಮೋಟಾರು. ಹಾಗಿದ್ದ ಮೇಲೆ ಹಳೆಯ ಕಾಲದ ಸ್ಟಾರ್ಟರ್ ಇನ್ನೊಂದು ಯಾಕೆ, ಕಿತ್ತು ಹಾಕಿ ಅಂದವಳು ನಾನು. ನಮ್ಮ ಹಿರಿಯ ಇಂಗ್ವರ್ ನಕ್ಕ. 'ಬೇಡ ತೂವ, ಚಳಿಗೆ ಬ್ಯಾಟರಿ ಮುದುಡ್ಕೊಳ್ಳತ್ತೆ, ಬೆಲ್ಟು ಜಾರತ್ತೆ' ಅಂದ. 'ಚಳೀಲಿ ಹುಟ್ಟಿದವಳು ನಾನು, ನನಗೇ ಚಳಿ ಪಾಠ ಹೇಳ್ಬೇಡ' ಅಂದೆ.

ಈ ಚಳಿಗಾಲ ಅದು ಅಲ್ಲಿ ಕೈಕೊಡದಿದ್ದರೆ ಬರುವ ಶರತ್ಕಾಲದಿಂದ ಎಲ್ಲ ದೊಡ್ಡ ಕಾರುಗಳಿಗೂ ಅದೇ ಎಂಜಿನ್, ತಂಡಕ್ಕೆ ನಾನೇ ಮುಖ್ಯಸ್ಥೆ. ಕೈಕೊಟ್ಟರೆ ಆ ಕಟ್ಟಡದಲ್ಲಿ ನನ್ನ ಮಾತನ್ನು ಇನ್ನು ಯಾರೂ ಕೇಳುವುದಿಲ್ಲ.

ಇದೆಲ್ಲ ಹೊರಗೆ ಹೇಳಬಾರದ ವಿಷಯ. ಹೇಳಿಬಿಟ್ಟೆ. ಅದರ ಸದ್ದು ಕೇಳಿಸಿದರೆ ನನಗೊಂದು ಸಾಲು ಬರಿ. ಫೋನ್ ಮಾಡಬೇಡ, ಫೋನಿನಲ್ಲಿ ನಮ್ಮಿಬ್ಬರಿಗೂ ಮಾತು ಹೊರಡುವುದಿಲ್ಲ.

ನಿನ್ನ
ತೂವ


ಮೂರ್‌ವಿಕ್
ಜನವರಿ ೧೭

ತೂವ ಮಗಳೇ,

ಲಕೋಟೆಯನ್ನು ಬೆಳಕಿಗೆ ಹಿಡಿಯಲಿಲ್ಲ. ಜನವರಿಯಲ್ಲಿ ಹಿಡಿಯಲು ಇಲ್ಲಿ ಬೆಳಕಾದರೂ ಎಲ್ಲಿದೆ? ನೀನು ದಕ್ಷಿಣದವಳಾಗಿಬಿಟ್ಟೆ.

ಊರು ಹಾಗೇ ಇದೆ. ಹಿಮ ಬಿದ್ದರೆ ಸಾಕು, ಅರ್ಧ ಪ್ರಪಂಚದ ಕಾರು ಕಂಪನಿಗಳು ನಮ್ಮ ಸರೋವರದ ಮೇಲೆ ಬಂದು ಗಿರಗಿರ ಸುತ್ತುತ್ತವೆ. ಅವರು ಏನೂ ಹೇಳುವುದಿಲ್ಲ, ನಾವು ಏನೂ ಕೇಳುವುದಿಲ್ಲ. ಕೇಳಿದವನ ಶೆಡ್ಡು ಮುಂದಿನ ವರ್ಷ ಖಾಲಿ ಬೀಳುತ್ತದೆ, ಅದು ಎಲ್ಲರಿಗೂ ಗೊತ್ತು. ಹಾಗಾಗಿ ಮೂರ್‌ವಿಕ್‌ನಲ್ಲಿ ಈಗ ಯಾರಿಗೂ ಯಾವ ವಿಷಯದಲ್ಲೂ ಕುತೂಹಲವೇ ಉಳಿದಿಲ್ಲ. ಪಾದ್ರಿಯೂ ಏನನ್ನೂ ಕೇಳುವುದು ಬಿಟ್ಟಿದ್ದಾನೆ.

ನಿಮ್ಮ ತಂಡದ ಯಜಮಾನ ಕ್ಯಾಸ್ಪರ್ ಅಂತ ಒಬ್ಬ ಉದ್ದನೆಯ ಹುಡುಗ. ಒಳ್ಳೆಯವನು, ಟೋಪಿಯನ್ನು ಕಿವಿಯ ಮೇಲಕ್ಕೆ ಹಾಕಿಕೊಳ್ಳುತ್ತಾನೆ, ಪಾಪ. ಮೊನ್ನೆ ಬಂದು 'ಗೇಟಿನ ಮುಂದಿನ ಹಿಮ ತೆಗ್ದಾಯ್ತಾ?' ಅಂದ. ನಾನು ನಮ್ಮ ಕಡೆಯ ಹಾಗೆ ತುಟಿ ಚೂಪು ಮಾಡಿ ಸರ್ರನೆ ಉಸಿರು ಒಳಗೆಳೆದುಕೊಂಡೆ. ಅವನು ಗಾಬರಿಬಿದ್ದು ಕುರ್ಚಿ ತಂದ. 'ಎದೆ ಹಿಡ್ಕೊಂತಾ? ಕೂತ್ಕೊಳ್ಳಿ, ಮೊದ್ಲು ಕೂತ್ಕೊಳ್ಳಿ' ಅಂತ ನನ್ನನ್ನು ಅದರ ಮೇಲೆ ಅದುಮಿದ. ಬಿರ್ಗರ್ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. 'ಅಯ್ಯೋ ಮಾರಾಯ, ನಮ್ಮೂರಲ್ಲಿ ಅದು ಹೌದು ಅಂತ. ಹಿಮ ತೆಗ್ದಾಯ್ತು ಅಂದ ಅವ್ನು, ಅಷ್ಟೇ.' ಈಗ ಕ್ಯಾಸ್ಪರ್ ನನ್ನನ್ನು ಕಂಡಾಗಲೆಲ್ಲ ತಾನೂ ಉಸಿರೆಳೆದು ತೋರಿಸುತ್ತಾನೆ. ಅವನದು ಬಿಕ್ಕಳಿಕೆಯ ಹಾಗೆ ಬರುತ್ತದೆ.

ನಿನ್ನ ಹದಿನಾಲ್ಕನ್ನು ಹೋಗಿ ನೋಡಿದೆ. ಮಧ್ಯಾಹ್ನ ಕಳೆದು ಕತ್ತಲಾಗುವ ಹೊತ್ತಿಗೆ ಹುಡುಗರು ಬೇರೆ ಕಾರುಗಳನ್ನು ಶೆಡ್ಡಿಗೆ ಸೇರಿಸಿ, ಇದೊಂದನ್ನು ಬಯಲಲ್ಲೇ ಬಿಟ್ಟು ಊಟಕ್ಕೆ ಹೋಗಿಬಿಡುತ್ತಾರೆ. ಬಾನೆಟ್ಟಿನ ಮೇಲೆ ಕೈಯಿಟ್ಟೆ. ಇನ್ನೂ ಬೆಚ್ಚಗಿತ್ತು, ಒಳಗೆ ಟಿಕ್ ಟಿಕ್ ಅನ್ನುತ್ತಿತ್ತು. ಸುತ್ತಲೂ ನೀಲಿ ಹಿಮ, ಒಂದು ಹಕ್ಕಿಯ ದನಿಯೂ ಇಲ್ಲ. ನೀನು ತೊಟ್ಟಿಲಲ್ಲಿದ್ದಾಗ ನಿನ್ನ ಉಸಿರು ಕೇಳುತ್ತಾ ನಿಲ್ಲುತ್ತಿದ್ದದ್ದು ನೆನಪಾಯಿತು. ಎಷ್ಟು ಹೊತ್ತು ನಿಂತಿದ್ದೆನೋ, ಗಡ್ಡದ ಮೇಲೆ ಹಿಮ ಕೂತಿತ್ತು.

ಚಿಂತೆ ಮಾಡಬೇಡ. ನಾನಿದ್ದೇನೆ, ನೋಡಿಕೊಳ್ಳುತ್ತೇನೆ.

ಹಿಲ್ಡಿಂಗ್ ಮಾವ


ಗೋಥೆನ್‌ಬರ್ಗ್
ಫೆಬ್ರವರಿ ೪

ಪ್ರೀತಿಯ ಮಾವ,

ಸ್ಟಾರ್ಟ್ ಆಗುತ್ತಿದೆ! ದಿನಾ ಬೆಳಿಗ್ಗೆ, ಒಂದೇ ಸಲಕ್ಕೆ. ಕ್ಯಾಸ್ಪರ್ ಕಳಿಸುವ ಅಂಕಿಗಳು ಬರುವ ಹೊತ್ತಿಗೆ ನಾನು ಟ್ರಾಮಿನಲ್ಲಿ ಇರುತ್ತೇನೆ. ಹೊರಗೆ ಬಂದರಿನ ಮಂಜು, ಏನೂ ಕಾಣಿಸುವುದಿಲ್ಲ. ಆ ಬಿಳಿಯಲ್ಲಿ ಕಣ್ಣು ಮುಚ್ಚಿಕೊಂಡರೆ ನಾನು ನಿನ್ನ ಅಂಗಳದಲ್ಲೇ ನಿಂತ ಹಾಗೆ ಅನ್ನಿಸುತ್ತದೆ, ಎಂಜಿನ್ನಿನ ಸದ್ದೂ ಕೇಳಿಸುತ್ತದೆ. ಎರಡು ಸಲ ಇಳಿಯುವ ನಿಲ್ದಾಣ ದಾಟಿ ಹೋದೆ.

ಒಂದೇ ಒಂದು ಸಣ್ಣ ಗೊಂದಲವಿತ್ತು. ಸರೋವರದ ಕಂಬದ ಮೇಲಿನ ಮಾಪಕ ತೋರಿಸುವಷ್ಟು ಚಳಿ ಎಂಜಿನ್ನಿನ ಒಳಗಿನ ಮಾಪಕದಲ್ಲಿ ಇಲ್ಲ. ಕ್ಯಾಸ್ಪರನನ್ನು ಕೇಳಿದೆ. 'ಚಳಿ ಭಾರ ಅಲ್ವಾ, ಇಳಿದು ಸರೋವರದ ಮೇಲೆ ಕೂತ್ಕೊಳ್ಳತ್ತೆ. ಅಂಗಳ ದಿಬ್ಬದ ಮೇಲಿದೆ' ಅಂದ. ನನಗೂ ಗೊತ್ತಿದ್ದದ್ದೇ. ಚಿಕ್ಕವಳಿದ್ದಾಗ ಜಾರುಬಂಡಿಯಲ್ಲಿ ಆ ದಿಬ್ಬ ಇಳಿಯುತ್ತಿದ್ದ ಹಾಗೆ ಮೂಗು ಮರಗಟ್ಟುತ್ತಿತ್ತಲ್ಲ. ಕಂಬದ ಅಂಕಿಯನ್ನೇ ಬರೆದು ಸಹಿ ಹಾಕಿದೆ.

ಬಿರ್ಗರನ ಹೆಂಡತಿ ಇನ್ನೊಂದು ವಿಷಯ ಬರೆದಿದ್ದಳು. ಅಮ್ಮನ ಕಾಲದ ಆ ಹಳೆಯ ಕಾರು ಇನ್ನೂ ಮನೆಯ ಪಕ್ಕದಲ್ಲೇ ಟಾರ್ಪಾಲಿನಡಿ ನಿಂತಿದೆಯಂತೆ. ಅದನ್ನು ಯಾಕೆ ಇಟ್ಟುಕೊಂಡಿದ್ದೀ? ಗುಜರಿಗೆ ಹಾಕು ಮಾವ. ನೋಡಿದಾಗಲೆಲ್ಲ ನಿನಗಾದರೂ ಏನನ್ನಿಸಬೇಕು.

ಇರಲಿ. ಇವತ್ತು ಸಂತೋಷದಲ್ಲಿದ್ದೇನೆ.

ತೂವ


ಮೂರ್‌ವಿಕ್
ಫೆಬ್ರವರಿ ೨೧

ತೂವ ಮಗಳೇ,

ಬಿಸಿಲು ವಾಪಸ್ಸು ಬಂತು. ಅಡುಗೆಮನೆಯ ಮೇಜಿನ ಮೇಲೆ ಮಧ್ಯಾಹ್ನ ಒಂದು ಹಿಡಿಯಷ್ಟು ಬಿಸಿಲು ಬೀಳುತ್ತದೆ. ಅದರಲ್ಲಿ ಕಾಫಿ ಲೋಟ ಇಟ್ಟು, ನಮ್ಮ ಕಡೆಯ ಹಾಗೆ ಕಾಫಿಯಲ್ಲಿ ಚೀಸಿನ ತುಂಡು ಅದ್ದಿಟ್ಟುಕೊಂಡು ಕೂರುತ್ತೇನೆ. ಬಿಸಿಲು ಸರಿದ ಹಾಗೆ ಲೋಟವನ್ನೂ ಸರಿಸುತ್ತೇನೆ. ನೋಡಿದವರು ಹುಚ್ಚು ಅಂದಾರು, ನೋಡುವವರು ಯಾರೂ ಇಲ್ಲ.

ಮಂಜುಗಡ್ಡೆ ಈಗ ಹಾಡುವ ಸಮಯ. ಸಂಜೆ ಕಾರುಗಳೆಲ್ಲ ಹೋದ ಮೇಲೆ ಸರೋವರ ಈ ದಡದಿಂದ ಆ ದಡದ ತನಕ ಒಂದೇ ಸಮನೆ ಗುಂಯ್‌ಗುಡುತ್ತದೆ. ನಿನ್ನ ಅಮ್ಮ ಅದನ್ನು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಿದ್ದಳು. ಸೀದುಹೋದ ರೊಟ್ಟಿಗಳಿಗೆ ಲೆಕ್ಕವಿಲ್ಲ.

ಹೋದ ವಾರ ಅಕ್ಕ ಗುನ್ವೋರ್ ಕನಸಿಗೆ ಬಂದಿದ್ದಳು. ಹಳೆಯ ಕಾರಿನಲ್ಲಿ ಕೂತಿದ್ದಳು, ಮಡಿಲಲ್ಲಿ ಕೈಚೀಲ, ತಲೆಗೆ ಚರ್ಚಿಗೆ ಕಟ್ಟುವ ವಸ್ತ್ರ. 'ಏನೋ ಹಿಲ್ಡಿಂಗ್, ಹೊರಡೋಣ್ವಾ?' ಅಂದಳು. ಆ ಬೆಳಿಗ್ಗೆ ಅವಳು ಎದೆ ಹಿಡಿದುಕೊಂಡು ಹೀಗೇ ಕೂತಿದ್ದಳು. ನಾನು ಕೀಲಿ ತಿರುಗಿಸಿದೆ, ತಿರುಗಿಸಿದೆ, ಕಾರು ಸ್ಟಾರ್ಟ್ ಆಗಲಿಲ್ಲ. ಬಿರ್ಗರನ ವ್ಯಾನ್ ಬರುವ ಹೊತ್ತಿಗೆ ತಡವಾಗಿತ್ತು, ಪಟ್ಟಣದ ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು. ನಿನಗೆ ಗೊತ್ತಿರುವುದೇ. ಕನಸಿನಲ್ಲಿ ಮಾತ್ರ ಮುಟ್ಟಿದ ಕೂಡಲೇ ಸ್ಟಾರ್ಟ್ ಆಯಿತು. ಸರೋವರದ ಮೇಲೇ ಹೋದೆವು. ಎಷ್ಟು ಹೋದರೂ ಆಚೆ ದಡ ಬರಲಿಲ್ಲ, ಅವಳಿಗೂ ಅವಸರ ಇರಲಿಲ್ಲ.

ಹಳೆಯ ಕಾರಿನ ವಿಷಯ ಬಿಡು. ಗುಜರಿಯವನಿಗೂ ಅರ್ಜೆಂಟಿಲ್ಲ, ನನಗೂ ಇಲ್ಲ.

ನಿನ್ನ ಎಂಜಿನ್ ಬೆಳಿಗ್ಗೆ ಎದ್ದಾಗ ಕಿರುಚುವುದಿಲ್ಲ, ಕೆಮ್ಮುವುದಿಲ್ಲ. ಹ್ಞೂಂ ಅಂದುಕೊಂಡು ಎದ್ದುಬಿಡುತ್ತದೆ. ಚಿಕ್ಕಂದಿನಲ್ಲಿ ನೀನು ಎದ್ದ ಹಾಗಂತೂ ಅಲ್ಲ.

ಹಿಲ್ಡಿಂಗ್ ಮಾವ


ಗೋಥೆನ್‌ಬರ್ಗ್
ಮಾರ್ಚ್ ೨೭

ಪ್ರೀತಿಯ ಮಾವ,

ಗೆದ್ದೆ. ಇಡೀ ಚಳಿಗಾಲ ಒಂದು ಬೆಳಿಗ್ಗೆಯೂ ತಪ್ಪಲಿಲ್ಲ. ಹಳೆಯ ಸ್ಟಾರ್ಟರನ್ನು ಕೈಬಿಡುವುದೆಂದು ನಿನ್ನೆ ತೀರ್ಮಾನವಾಯಿತು. ಇಂಗ್ವರ್ ಎಲ್ಲರೆದುರು ಎದ್ದು ನಿಂತು, 'ನಂದು ತಪ್ಪು, ಹುಡುಗಿ ಹೇಳಿದ್ದೇ ಸರಿ' ಅಂದ. ಸಂಭ್ರಮಕ್ಕೆ ಹಸಿರು ಕೇಕು ತರಿಸಿದರು. ನನ್ನ ಹೆಸರಿನ ಬಾಗಿಲುಳ್ಳ ಕೋಣೆ ಸಿಗುತ್ತದೆ.

ಹದಿನಾಲ್ಕು ಲಾರಿಯಲ್ಲಿ ಇಲ್ಲಿಗೆ ಬರುತ್ತಿದೆ, ಬಿಚ್ಚಿ ನೋಡುವ ಶಾಸ್ತ್ರ ಒಂದು ಬಾಕಿ. ಬೇಸಿಗೆಯಲ್ಲಿ ನಿನ್ನನ್ನು ನೋಡಲು ಬರಲೇನೋ ಅಂದುಕೊಂಡಿದ್ದೇನೆ.

ತೂವ


ಗೋಥೆನ್‌ಬರ್ಗ್
ಏಪ್ರಿಲ್ ೧೨

ಹಿಲ್ಡಿಂಗ್ ಮಾವ,

ಒಂದು ಪ್ರಶ್ನೆ ಕೇಳುತ್ತೇನೆ, ಹೌದು ಅಥವಾ ಇಲ್ಲ ಅನ್ನು.

ಎಂಜಿನ್ ಬಿಚ್ಚುವ ದಿನ ನಾನೊಬ್ಬಳೇ ಬೇಗ ಬಂದಿದ್ದೆ. ಗಾಳಿ ಸೋಸುವ ಪೆಟ್ಟಿಗೆ ತೆರೆದೆ. ಒಳಗಿನ ಕಾಗದದ ಮಡಿಕೆಗಳಲ್ಲಿ ಕೂದಲು ಸಿಕ್ಕಿಕೊಂಡಿತ್ತು. ಬೂದು ಬಿಳುಪು, ದಪ್ಪ, ಬಗ್ಗಿಸಿದರೆ ಪಟ್ಟನೆ ಮುರಿಯುವಂಥದ್ದು. ಬೇರೆ ಯಾರಾದರೂ ಆಗಿದ್ದರೆ ಏನೋ ಕಸ ಅಂದುಕೊಳ್ಳುತ್ತಿದ್ದರು. ಹಿಮಸಾರಂಗದ ಚರ್ಮದ ಮೇಲೆ ಮಲಗಿ ಬೆಳೆದವಳು ನಾನು. ಶಾಲೆಗೆ ಹೋಗುವಾಗ ಸ್ವೆಟರಿನಿಂದ ಆರಿಸಿ ಆರಿಸಿ ತೆಗೆಯುತ್ತಿದ್ದದ್ದು ಇದೇ ಕೂದಲು.

ನೀನು ಆ ಕಾರಿಗೆ ಚರ್ಮ ಹೊದಿಸಿದೆಯಾ?

ಇಡೀ ಸಂಜೆ, ಇಡೀ ರಾತ್ರಿ ಅದು ಬರಿಮೈಯಲ್ಲಿ ಚಳಿಗೆ ನಿಂತು, ಬೆಳಿಗ್ಗೆ ಯಾರ ಸಹಾಯವೂ ಇಲ್ಲದೆ ಎದ್ದೇಳುತ್ತದೆಯೋ ಇಲ್ಲವೋ ಅನ್ನುವುದೇ ಪರೀಕ್ಷೆ. ಹೊದಿಸಿದ್ದರೆ ಆ ಅಂಕಿಗಳಿಗೆ ಅರ್ಥವಿಲ್ಲ, ನನ್ನ ಸಹಿಗೂ ಇಲ್ಲ.

ಕೂದಲನ್ನು ನಾನಲ್ಲದೆ ಯಾರೂ ನೋಡಿಲ್ಲ. ನೀನು ಇಲ್ಲ ಅಂದರೆ ಯಾವುದೋ ಇಲಿ ಎಳೆದು ತಂದದ್ದು ಅಂದುಕೊಂಡು ಎಸೆದುಬಿಡುತ್ತೇನೆ. ನಂಬುತ್ತೇನೆ ಮಾವ. ಅಮ್ಮನನ್ನು ಮಣ್ಣು ಮಾಡಿ ಬಂದ ದಿನ ಅಡುಗೆಮನೆಯಲ್ಲಿ ಎಲ್ಲರೆದುರು ನಿನ್ನನ್ನು ಕೇಳಿದ್ದೆ, 'ಹಿಂದಿನ ರಾತ್ರಿ ಎಂಜಿನ್ ಬೆಚ್ಚಗಿಡೋ ಹೀಟರಿನ ವೈರು ಸಿಕ್ಕಿಸಿದ್ಯಾ?' ಅಂತ. 'ಸಿಕ್ಕಿಸಿದ್ದೆ' ಅಂದೆ ನೀನು. ನಾನು ಎದ್ದು ಹೊರಗೆ ಹೋದೆ. ಅವತ್ತು ನಂಬಲಿಲ್ಲ. ಈ ಸಲ ನೀನು ಏನು ಹೇಳಿದರೂ ನಂಬುತ್ತೇನೆ.

ಬೇಗ ಬರಿ.

ತೂವ


ಮೂರ್‌ವಿಕ್
ಏಪ್ರಿಲ್ ೧೮

ತೂವ,

ಹೌದು.

ಎಲ್ಲವನ್ನೂ ಹೇಳಿಬಿಡುತ್ತೇನೆ. ನಿನ್ನ ಮೊದಲ ಕಾಗದ ಬಂದ ಮರುದಿನದಿಂದಲೇ ಶುರು. ಹುಡುಗರು ಹೋದ ಮೇಲೆ ಬಾನೆಟ್ಟಿನ ಮೇಲೆ ಎರಡು ಚರ್ಮ, ಬ್ಯಾಟರಿ ಇರುವ ಹಿಂಭಾಗದ ಮೇಲೆ ಒಂದು. ಚಕ್ರಗಳ ಸುತ್ತ ಗಾಳಿ ನುಗ್ಗದ ಹಾಗೆ ಹಿಮ ಒತ್ತಿ ಕಟ್ಟಿದೆ. ತೀರಾ ಚಳಿಯಿದ್ದ ದಿನ ಒಲೆಯ ಮೇಲೆ ಕಲ್ಲು ಕಾಯಿಸಿ ಅಡಿಗೆ ಇಟ್ಟೆ, ನಮ್ಮಮ್ಮ ಜಾರುಬಂಡಿಯಲ್ಲಿ ನಮ್ಮ ಕಾಲಡಿಗೆ ಇಡುತ್ತಿದ್ದ ಹಾಗೆ. ಬೆಳಿಗ್ಗೆ ಅವರು ಬರುವ ಮೊದಲು ಕಾರುಗಳ ಮೇಲಿನ ಹಿಮ ಗುಡಿಸುವುದು ನನ್ನದೇ ಕೆಲಸ, ಆಗ ಎಲ್ಲ ತೆಗೆದುಬಿಡುತ್ತಿದ್ದೆ. ಬಚ್ಚಿಟ್ಟು ಮಾಡಿದ್ದಲ್ಲ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ. ನಮ್ಮೂರಲ್ಲಿ ಯಾರು ಕೇಳುತ್ತಾರೆ?

ಪರೀಕ್ಷೆ ಅಂತ ಗೊತ್ತಿತ್ತು. ಆದರೆ ಪರೀಕ್ಷೆಯೆಲ್ಲ ಹಗಲಲ್ಲಿ ಸರೋವರದ ಮೇಲೆ ಅಂದುಕೊಂಡಿದ್ದೆ. ಇಲ್ಲಿ ಎಂಥ ದಡ್ಡನೂ ಎಂಜಿನ್ನನ್ನು ಬರಿಮೈಯಲ್ಲಿ ಹೊರಗೆ ನಿಲ್ಲಿಸುವುದಿಲ್ಲ. ದಕ್ಷಿಣದ ಹುಡುಗರು, ಚಳಿಯ ವಿಷಯ ತಿಳಿಯದೆ ಬಿಟ್ಟುಹೋಗುತ್ತಿದ್ದಾರೆ, ಹೇಳಿದರೆ ಅವಮಾನ ಮಾಡಿದ ಹಾಗಾಗುತ್ತದೆ, ಸುಮ್ಮನೆ ನಾನೇ ಹೊದಿಸಿಬಿಡೋಣ ಅಂದುಕೊಂಡೆ. ಬೇರೆ ಯಾರದ್ದೋ ಕಾರಾಗಿದ್ದರೆ ಇಷ್ಟೆಲ್ಲ ಮಾಡುತ್ತಿರಲಿಲ್ಲ. ನಿನ್ನದು ಚಳಿಯಲ್ಲಿ ನಿಂತಿರುವಾಗ ನನಗೆ ಒಳಗೆ ಒಲೆಯ ಮುಂದೆ ಕೂರಲು ಆಗಲಿಲ್ಲ.

ನೀನು ಇಲ್ಲ ಅನ್ನು ಎಂದು ಬೇಡಿಕೊಂಡದ್ದು ನನಗೆ ಅರ್ಥವಾಯಿತು ಪುಟ್ಟೀ. ಕಾಗದವನ್ನು ಮೇಜಿನ ಮೇಲಿಟ್ಟುಕೊಂಡು ಎರಡು ದಿನ ಕೂತಿದ್ದೆ. ಇಲ್ಲ ಅಂತ ಬರೆಯಲು ಪೆನ್ನೂ ಹಿಡಿದೆ. ಆಗಲಿಲ್ಲ. ಆ ಕಾರಿನಲ್ಲಿ ನಾಳೆ ಯಾರು ಕೂರುತ್ತಾರೋ ಯಾರಿಗೆ ಗೊತ್ತು?

ಎಲ್ಲ ಆ ಅಂಗಳದ ಮುದುಕನದೇ ತಪ್ಪು ಅಂತ ಹೇಳು. ನಿನ್ನ ಹೆಸರು ಕೆಡುವುದು ಬೇಡ.

ಹಿಲ್ಡಿಂಗ್ ಮಾವ


ಗೋಥೆನ್‌ಬರ್ಗ್
ಜೂನ್ ೩

ಪ್ರೀತಿಯ ಮಾವ,

ಇಷ್ಟು ದಿನ ಬರೆಯಲಿಲ್ಲ. ಮೊದಲು ಸಿಟ್ಟಿತ್ತು, ಅದನ್ನು ಮುಚ್ಚಿಡುವುದಿಲ್ಲ. ನಿನ್ನ ಕಾಗದವನ್ನು ಮುದುರಿ ಎಸೆದೆ, ಮತ್ತೆ ತೆಗೆದು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿದೆ. ಹೀಗೆ ಮೂರು ನಾಲ್ಕು ಸಲ ಆಯಿತು. ಕೂದಲು ನನ್ನ ಮೇಜಿನ ಖಾನೆಯಲ್ಲೇ ಇತ್ತು. ಕಸದ ಬುಟ್ಟಿಯ ಮೇಲೆ ಹಿಡಿದುಕೊಂಡು ನಿಂತೂ ಆಯಿತು. ಬಿಡಲು ಬೆರಳು ಒಪ್ಪಲಿಲ್ಲ.

ಇಂಗ್ವರನ ಬಾಗಿಲು ತಟ್ಟಿ ಎಲ್ಲ ಹೇಳಿದೆ. ಅಂಗಳದ ಮುದು‌ಕ ಅನ್ನಲಿಲ್ಲ, ನನ್ನ ಸೋದರಮಾವ ಅಂದೆ. ಕಾರಿನ ನಂಬರನ್ನು ಹೇಳಬಾರದಾಗಿದ್ದರೂ ನಿನಗೆ ಹೇಳಿದವಳು ನಾನು, ಎರಡು ಮಾಪಕಗಳ ವ್ಯತ್ಯಾಸ ಕಂಡರೂ ಕಾಣದ ಹಾಗೆ ಸಹಿ ಹಾಕಿದವಳೂ ನಾನು ಅಂದೆ. ಅವನು ಬೈಯಲಿಲ್ಲ. 'ಚಳಿ ಕೋಣೆಗೆ ಹಾಕಿ ನೋಡೋಣ ಬಾ' ಅಂದ.

ಮಂಜು ಕಟ್ಟಿದ ಗಾಜಿನಾಚೆ ಎಂಜಿನ್ ಒಂಟಿಯಾಗಿ ನಿಂತಿತ್ತು. ಹೊರಗೆ ಲೈಲಾಕ್ ಹೂ ಬಿಟ್ಟಿತ್ತು, ನಾವು ಸ್ವೆಟರ್ ಹಾಕಿಕೊಂಡು ನೋಡುತ್ತಿದ್ದೆವು. ಬೆಲ್ಟು ಕೀರಲು ದನಿ ತೆಗೆಯಿತು. ಎಂಜಿನ್ ಅರೆಬರೆ ಹೊರಳಿತು, ನಿಂತಿತು. ಇನ್ನೊಮ್ಮೆ ಹೊರಳಿತು. ಆಮೇಲೆ ಅಲುಗಲಿಲ್ಲ. ಇಂಗ್ವರ್ ಹೇಳಿದಂತೆಯೇ ಆಯಿತು.

ಕಾರು ಮಾರುಕಟ್ಟೆಗೆ ಬರುವುದು ಒಂದು ವರ್ಷ ಮುಂದಕ್ಕೆ ಹೋಯಿತು. ಬಾಗಿಲ ಮೇಲೆ ಈಗ ಬೇರೆಯವರ ಹೆಸರಿದೆ. ನನಗೆ ಕೊಟ್ಟ ಕೆಲಸ ಏನು ಗೊತ್ತಾ? ಕಿತ್ತು ಹಾಕಿ ಅಂತ ಜಗಳವಾಡಿದೆನಲ್ಲ, ಅದೇ ಸ್ಟಾರ್ಟರನ್ನು ಅದೇ ಜಾಗದಲ್ಲಿ ಮತ್ತೆ ಕೂರಿಸುವುದು. ಜಾಗ ಸಾಲದು, ಟರ್ಬೊದ ಕೊಳವೆಯನ್ನು ಬಗ್ಗಿಸಬೇಕು. ದಿನವಿಡೀ ಅದೇ. ಚಳಿ ತೀರಾ ಏರಿದಾಗ ಮೊದಲ ತಳ್ಳು ಹಳೆಯ ಸ್ಟಾರ್ಟರಿನದು, ಮಿಕ್ಕ ಹೊತ್ತು ನನ್ನ ಮೋಟಾರು.

ನಿನ್ನ ಕಾಗದದ ಕೊನೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಕಾರಿನಲ್ಲಿ ನಾಳೆ ಯಾರು ಕೂರುತ್ತಾರೋ. ಎಲ್ಲೋ ಒಂದು ಊರಿನಲ್ಲಿ ಒಂದು ಬೆಳಿಗ್ಗೆ ಒಬ್ಬ ಹೆಂಗಸು ಬಂದು ಕೂರುತ್ತಿದ್ದಳು ಮಾವ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು. ನನ್ನ ಎಂಜಿನ್ ಅರೆಬರೆ ಹೊರಳಿ ನಿಂತುಬಿಡುತ್ತಿತ್ತು. ನೀನು ಸುಳ್ಳು ಹೇಳಿದ್ದರೆ ಹಾಗೇ ಆಗುತ್ತಿತ್ತು.

ಜನವರಿಯಲ್ಲಿ ಹದಿನಾಲ್ಕು ಮತ್ತೆ ಬರುತ್ತದೆ. ಕೈಮುಗಿದು ಕೇಳುತ್ತೇನೆ, ಈ ಸಲ ಹೊದಿಸಬೇಡ.

ನಿನ್ನ ತೂವ


ಮೂರ್‌ವಿಕ್
ಜನವರಿ ೨೩

ತೂವ ಮಗಳೇ,

ಕೆಲಸ ಹೋಗಲಿಲ್ಲ. ಕ್ಯಾಸ್ಪರ್ ಲಾರಿಯಿಂದ ಇಳಿದವನೇ ನನ್ನ ಹತ್ತಿರ ಬಂದು, 'ಅಜ್ಜ, ನಿಮ್ಮ ಹಾಸಿಗೆ ನಿಮ್ಮ ಮನೇಲೇ ಇರ್ಲಿ ಆಯ್ತಾ?' ಅಂದ. ಬಿರ್ಗರ್ ಹೋದ ವರ್ಷದ ಹಾಗೆ ನಗಲಿಲ್ಲ, ಆದರೆ ನನ್ನ ಸಲಿಕೆಯನ್ನು ನನ್ನ ಕೈಗೇ ಕೊಟ್ಟ.

ಈಗ ಅಂಗಳದಲ್ಲೇ ಕಾರಿನ ಪಕ್ಕ ಒಂದು ಮಾಪಕ ನೆಟ್ಟಿದ್ದಾರೆ. ಯಾರು ಬೇಕಾದರೂ ಕೇಳಬಹುದು, ಯಾರು ಬೇಕಾದರೂ ಹೇಳಬಹುದು ಅಂತ ಕ್ಯಾಸ್ಪರನೇ ಊರವರಿಗೆ ಕಾಫಿ ಕೊಟ್ಟು ಹೇಳಿದ. ನಮ್ಮವರಿಗೆ ಇಷ್ಟು ವರ್ಷಗಳ ಮೇಲೆ ಏನು ಕೇಳಬೇಕು ಅಂತಲೇ ತಿಳಿಯಲಿಲ್ಲ. ಬಿರ್ಗರನ ಹೆಂಡತಿ ಮಾತ್ರ, 'ಆ ಸುರುಳಿ ಬಟ್ಟೆ ಗಜಕ್ಕೆಷ್ಟು?' ಅಂತ ಕೇಳಿದಳು.

ನಿನ್ನೆ ಈ ಚಳಿಗಾಲದ ಅತಿ ದೊಡ್ಡ ಚಳಿ. ಹೊಗೆ ಮೇಲಕ್ಕೆ ನೆಟ್ಟಗೆ ಏರಿ ಅಲ್ಲೇ ನಿಂತುಬಿಟ್ಟಿತ್ತು. ಹುಡುಗರು ಹೋದರು. ನಾನು ಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟೆ. ಟಿಕ್ ಟಿಕ್. ಅದು ನಿಧಾನವಾಯಿತು, ನಿಂತಿತು. ಕೈ ತೆಗೆದೆ. ಹಾಗೆ ತೆಗೆಯುವುದು ಎಷ್ಟು ಕಷ್ಟ ಅಂತ ನಿನಗೆ ಹೇಗೆ ಹೇಳಲಿ? ಮನೆಗೆ ಬಂದು ಚರ್ಮಗಳನ್ನು ನನ್ನ ಮೇಲೇ ಹೊದ್ದುಕೊಂಡು ಕಿಟಕಿಯ ಹತ್ತಿರ ಕೂತೆ. ಹಿಮದ ಮೇಲೆ ಧ್ರುವಪ್ರಭೆಯ ಹಸಿರು ಬೆಳಕು ಬಂತು, ಹೋಯಿತು. ಕಾರು ಬರಿಮೈಯಲ್ಲಿ ನಿಂತಿತ್ತು. ನಡುವೆ ಜೊಂಪು ಹತ್ತಿತು, ಗುನ್ವೋರ್ ಅದರಲ್ಲಿ ಕೂತಿರುವ ಹಾಗೆ ಕಂಡಿತು. ಅವಳು ಕಾಯುತ್ತಿರುವಂತೆ ಕಾಣಲಿಲ್ಲ, ಸರೋವರದ ಹಾಡು ಕೇಳುತ್ತಾ ಕೂತಿದ್ದಳು.

ಬೆಳಿಗ್ಗೆ ಕ್ಯಾಸ್ಪರ್ ಬಂದ, ಬಾಗಿಲು ತೆರೆದ. ಹಳೆಯ ಸ್ಟಾರ್ಟರ್ ಒಂದು ಸಲ ಗೊರ್ ಅಂದಿತು. ಆಮೇಲೆ ಎಂಜಿನ್ ಎದ್ದಿತು ತೂವ, ಯಾರೂ ಬೆಚ್ಚಗೆ ಮಾಡದೆ, ತಾನಾಗೇ ಎದ್ದಿತು. ಈ ವರ್ಷ ಕೆಮ್ಮುತ್ತದೆ, ಕೆಮ್ಮಿ ಏಳುತ್ತದೆ. ಕ್ಯಾಸ್ಪರ್ ನನ್ನ ಕಡೆ ತಿರುಗಿ 'ಮುಟ್ಟಿಲ್ಲ ತಾನೇ?' ಅಂದ. 'ಇಲ್ಲ' ಅಂದೆ. ಅವನು ಮಾಪಕವನ್ನೂ ನೋಡಿ ಬರೆದುಕೊಂಡ. ನೋಡಲೇಬೇಕಲ್ಲ, ಅವನ ಕೆಲಸ ಅದು. ನನಗೆ ಅಳು ಬಂತು, ಕಣ್ಣೀರು ಗಡ್ಡದಲ್ಲೇ ಹೆಪ್ಪುಗಟ್ಟಿತು.

ಇನ್ನೊಂದು ವಿಷಯ. ಹಳೆಯ ಕಾರನ್ನು ಯಾಕೆ ಇಟ್ಟುಕೊಂಡಿದ್ದೀ ಅಂತ ಕೇಳಿದ್ದೆಯಲ್ಲ. ಗೋಡೆಯಿಂದ ಎಂಜಿನ್ನಿಗೆ ಹೋಗುವ ವೈರು ಇನ್ನೂ ಹಾಗೇ ಇದೆ, ಅವತ್ತು ರಾತ್ರಿ ಸಿಕ್ಕಿಸಿದ ಹಾಗೇ. ಯಾರೂ ಮುಟ್ಟದ ಹಾಗೆ ನೋಡಿಕೊಂಡಿದ್ದೇನೆ. ಒಂದು ದಿನ ನೀನು ಬಂದು ನೋಡಬೇಕು ಅನ್ನಬಹುದು ಅಂತ ಇಟ್ಟಿದ್ದು. ಬಂದಾಗ ಬಿಚ್ಚಿ ನೋಡು.

ಹಿಲ್ಡಿಂಗ್ ಮಾವ


ಗೋಥೆನ್‌ಬರ್ಗ್
ಫೆಬ್ರವರಿ ೨

ಪ್ರೀತಿಯ ಮಾವ,

ಬಿಚ್ಚಿ ನೋಡುವುದಿಲ್ಲ.

ನನ್ನ ಕೆಲಸವೇ ಯಾವುದನ್ನೂ ನೋಡದೆ ನಂಬದಿರುವುದು. ಎಂಜಿನ್ನಿಗೆ ಅದು ಸರಿ. ನಿನಗೂ ಅದನ್ನೇ ಮಾಡಿದೆ, ನಿನ್ನ ಅಕ್ಕನನ್ನು ಮಣ್ಣು ಮಾಡಿ ಬಂದ ದಿನ, ನಿನ್ನ ಅಡುಗೆಮನೆಯಲ್ಲಿ. ನೀನು ಇಲ್ಲ ಅಂದಿದ್ದರೆ ನಮ್ಮಿಬ್ಬರಿಗೂ ಒಳ್ಳೆಯದಾಗುತ್ತಿದ್ದ ದಿನ ನೀನು ಹೌದು ಅಂದೆ. ಅಂಥವನು ಅವತ್ತು 'ಸಿಕ್ಕಿಸಿದ್ದೆ' ಅಂದಿದ್ದರೆ ಸಿಕ್ಕಿಸಿದ್ದ. ಕಾರು ಯಾಕೆ ಸ್ಟಾರ್ಟ್ ಆಗಲಿಲ್ಲವೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಇದನ್ನು ಐದು ಚಳಿಗಾಲ ಮುಂಚೆಯೇ ಹೇಳಬೇಕಿತ್ತು. ಗುಜರಿಯವನನ್ನು ಕರೆಸು ಮಾವ. ವೈರು ಕಿತ್ತುಬಿಡು.

ಈಸ್ಟರ್‌ಗೆ ರಜೆ ಇದೆ. ಬರಲಾ?

ನಿನ್ನ ತೂವ


ಮೂರ್‌ವಿಕ್
ಫೆಬ್ರವರಿ ೧೨

ತೂವ ಪುಟ್ಟೀ,

ನಿನ್ನ ಕಾಗದವನ್ನು ಬಿಸಿಲಿನ ತುಂಡಿನಲ್ಲಿ ಇಟ್ಟುಕೊಂಡು ಓದಿದೆ. ಬಿಸಿಲು ಸರಿಯಿತು, ಈ ಸಲ ನಾನು ಸರಿಯಲಿಲ್ಲ. ಕತ್ತಲಲ್ಲೇ ಕೂತಿದ್ದೆ. ಕಾಫಿ ಆರಿಹೋಯಿತು.

ಗುಜರಿಯವನು ನಿನ್ನೆ ಬಂದಿದ್ದ. ಟಾರ್ಪಾಲು ಎಳೆದಾಗ ಒಳಗಿಂದ ಒಂದು ಇಲಿ ಓಡಿತು, ನಿಜವಾದ ಇಲಿ. ವೈರನ್ನು ನಾನೇ ಕಿತ್ತೆ. ಮಂಜು ಕಟ್ಟಿ ಗೋಡೆಗೇ ಅಂಟಿಕೊಂಡಿತ್ತು, ಎರಡೂ ಕೈ ಹಾಕಬೇಕಾಯಿತು. ಹೀಟರಿನಲ್ಲಿ ಒಳ್ಳೆ ತಾಮ್ರ ಸಿಗುತ್ತದೆ ಅಂತ ಗುಜರಿಯವನು ಅಲ್ಲೇ ಬಿಚ್ಚಿದ. ನೋಡಿ ನಕ್ಕ. 'ಇದ್ರ ಒಳಗಿನ ತಂತಿ ಸುಟ್ಟುಹೋಗಿ ಆರೇಳು ವರ್ಷವಾದ್ರೂ ಆಗಿದೆ ಹಿಲ್ಡಿಂಗ್. ನೀನು ವೈರು ಸಿಕ್ಕಿಸಿ ಏನು ಪ್ರಯೋಜನ?' ಅಂದ. ಹಾಗಾದರೆ ಅವತ್ತು ರಾತ್ರಿ ಸಿಕ್ಕಿಸಿದ್ದರೂ ಬಿಟ್ಟಿದ್ದರೂ ಕಾರು ಏಳುತ್ತಿರಲಿಲ್ಲ. ಇಷ್ಟು ವರ್ಷ ನಾನೂ ಒಳಗೊಳಗೇ ಕೇಳಿಕೊಂಡಿದ್ದೆ ಪುಟ್ಟೀ, ನಿಜಕ್ಕೂ ಸಿಕ್ಕಿಸಿದ್ದೆನೋ ಅಥವಾ ಬೆಳಿಗ್ಗೆ ಎದ್ದು ಗಾಬರಿಯಲ್ಲಿ ಸಿಕ್ಕಿಸಿ ರಾತ್ರಿಯೇ ಅಂದುಕೊಂಡೆನೋ ಅಂತ.

ನಿನಗೆ ಹೇಳಬೇಕೋ ಬೇಡವೋ ಅಂತ ಯೋಚನೆ ಬಂತು. ನೀನು ಕೇಳಿದ್ದರೆ ಹೇಳುತ್ತಿರಲಿಲ್ಲವೇನೋ. ನೀನು ಕೇಳಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಕಾರು ಹೋದ ಜಾಗದಲ್ಲಿ ನೆಲ ಕಾಣಿಸುತ್ತಿದೆ. ಐದು ವರ್ಷ ಹಳೆಯ ಹುಲ್ಲು, ಹಳದಿಯಾಗಿದೆ. ಈಸ್ಟರ್ ಹೊತ್ತಿಗೆ ಅದರ ಮೇಲೂ ಹಿಮ ಬಿದ್ದಿರುತ್ತದೆ. ನಿನ್ನ ಕಾರನ್ನು ಅಲ್ಲೇ ನಿಲ್ಲಿಸಬಹುದು. ನಾನು ಹೊದಿಸುವುದಿಲ್ಲ, ಹೆದರಬೇಡ.

ಬರಲಾ ಅಂತ ಕೇಳಿದ್ದೀಯಲ್ಲ, ಆ ಸಾಲು ಓದಿದಾಗ ನಾನು ತುಟಿ ಚೂಪು ಮಾಡಿ ಸರ್ರನೆ ಉಸಿರು ಒಳಗೆಳೆದುಕೊಂಡೆ. ಕಾಗದದಲ್ಲಿ ಅದು ಕೇಳಿಸುವುದಿಲ್ಲ. ಇಲ್ಲಿ ಹುಟ್ಟಿದವಳು ನೀನು, ನಿನಗೆ ತಿಳಿಯುತ್ತದೆ.

ಹಿಲ್ಡಿಂಗ್ ಮಾವ